ಅರ್ಧ ಬಾಟಲಿ ಕುಸುಬೆ ಎಣ್ಣೆ

ನನ್ನ ಮೊಮ್ಮಗಳು ಅಶ್ವಿನಿಗೆ ನೌಕರಿ ಸಿಕ್ಕಿದೆ! ಹಿಮಾಯತ್‌ನಗರದ ಒಂದು ಲ್ಯಾಬಿನಲ್ಲಿ, ಎಣ್ಣೆಯ ಕಲಬೆರಕೆ ಹಿಡಿಯುವ ನೌಕರಿ. ಮೊನ್ನೆ ಬೆಳಿಗ್ಗೆ ಕಾಗದ ಬಂದದ್ದೇ ತಡ, ಬಾಲಾನಗರದ ನಮ್ಮ ಗಲ್ಲಿಯ ಮನೆಮನೆಗೂ ಸಕ್ಕರೆ ಹಂಚಿದೆ. ಎರಡು ಮನೆಗೆ ಮರೆತು ಎರಡು ಸಲ ಹಂಚಿದೆ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ — ಹಿಡಿಸದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ಹುಡುಗಿ ಹಿಡಿದ ಮೊಟ್ಟಮೊದಲ ಕಲಬೆರಕೆ ನನ್ನದು. ಸಿಕ್ಕಿಬಿದ್ದವನು ಮಾತ್ರ ನನ್ನ ತಮ್ಮ ಸಿದ್ರಾಮ. ಮೂರು ವರ್ಷ ನಾನು ಬಾಯಿ ಬಿಡಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಮಾಡಿದ ತಪ್ಪನ್ನು ಮಾತ್ರ ತಿದ್ದಿ ಓದಬೇಡಿ.

ಮೂರು ವರ್ಷದ ಹಿಂದೆ ಈ ಊರಿನಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರ್ ಕ್ಲಾಸಿನ ಬೋರ್ಡು. ಗಲ್ಲಿಯ ಮಕ್ಕಳೆಲ್ಲ ಅದನ್ನು ಕಲಿತು ಗಾಜಿನ ಕಟ್ಟಡಗಳಿಗೆ ಹೊರಟಿದ್ದರು. ನಮ್ಮ ಅಶ್ವಿನಿ ಒಬ್ಬಳೇ ಎಣ್ಣೆಕಾಳಿನ ಬೆನ್ನು ಹತ್ತಿದಳು. ಎಂ.ಎಸ್ಸಿ.ಯ ಕೊನೆಗೆ ಅವಳಿಗೊಂದು ಪ್ರಾಜೆಕ್ಟು — ಎಳ್ಳು, ಅಗಸೆ, ಶೇಂಗಾ, ಕುಸುಬೆ, ಯಾವ ಬೀಜದ ಎಣ್ಣೆಯಲ್ಲಿ ಯಾವ ಆಮ್ಲ ಎಷ್ಟಿದೆ ಎಂದು ಅಳೆಯುವುದು.

"ಎಣ್ಣ್ಯಾಗ ಆಸಿಡ್ ಐತೇನ? ಮತ್ತ ನಾವ್ಯಾಕ ಇನ್ನೂ ಸತ್ತಿಲ್ಲ?" ಎಂದು ನನ್ನ ಮಗ ಮಲ್ಲು ನಕ್ಕ. ಅವನು ಇಲ್ಲೇ ಒಂದು ವರ್ಕ್‌ಶಾಪಿನಲ್ಲಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್.

"ಅದು ಬ್ಯಾಟರಿ ಆಸಿಡ್ ಅಲ್ಲಪ್ಪಾ, ಕೊಬ್ಬಿನ ಆಮ್ಲ. ನೀ ನಿನ್ನ ಲೇತ್ ನೋಡ್ಕೊ" ಎಂದಳು ಅವನ ಮಗಳು ಅಶ್ವಿನಿ.

ಸಿದ್ರಾಮನದು — ಅಶ್ವಿನಿಗೆ ಅವನು ಸಿದ್ದಜ್ಜ — ಸೇಡಂ ಕಡೆ ಹಳ್ಳಿಯಲ್ಲಿ ಎತ್ತಿನ ಗಾಣ. ಮೊಮ್ಮಗಳು ಕೇಳಿದಳೆಂದು ಕುಸುಬೆ ಎಣ್ಣೆಯನ್ನು ತಾನೇ ಬಾಟಲಿಯಲ್ಲಿ ತುಂಬಿ ತಂದುಕೊಟ್ಟ. ಅವಳು ಅದಕ್ಕೆ ಇಂಗ್ಲಿಷಿನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಳು. ಕಾಲೇಜಿನ ಮಷಿನ್ನಿನ ಪಾಳಿ ಬರಲು ಹದಿನೈದು ದಿನ ಬಾಕಿಯಿತ್ತು.

ಚೀಟಿ ಓದಲು ಬರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಮೂಗಿಗೆ ಇಂಗ್ಲಿಷ್ ಯಾಕೆ ಬೇಕು? ಮುಚ್ಚಳ ತೆರೆದೆ — ತವರುಮನೆ! ನಮ್ಮ ಮನೆಗೆ ಬರುವ ಪಾಕೀಟಿನ ಎಣ್ಣೆಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೊದಲ ದಿನ ರೊಟ್ಟಿಯ ಮೇಲಿನ ಕೆಂಪು ಖಾರಕ್ಕೆ ಒಂದೇ ಚಮಚ ಹಾಕಿಕೊಂಡೆ. ಎರಡನೇ ದಿನವೂ ಒಂದೇ ಚಮಚ. ಆದರೆ ಈ ಸಲದ ಚಮಚ ಸ್ವಲ್ಪ ದೊಡ್ಡದಿತ್ತು. ಹತ್ತನೇ ದಿನ ಬೆಳಕಿಗೆ ಹಿಡಿದು ನೋಡಿದರೆ ಅರ್ಧ ಬಾಟಲಿ ಖಾಲಿ. ಅಂಗಡಿಯಿಂದ ಶೇಂಗಾ ಎಣ್ಣೆ ತಂದು ಸುರಿದೆ, ಅಲುಗಾಡಿಸಿದೆ. ಅದೂ ಹಳದಿ, ಇದೂ ಹಳದಿ. ಯಾರಿಗೆ ಗೊತ್ತಾಗುತ್ತದೆ...

ಮಷಿನ್ನಿಗೆ ಗೊತ್ತಾಯಿತು. ಅಶ್ವಿನಿ ಮುಖ ಉದ್ದ ಮಾಡಿಕೊಂಡು ಒಂದು ಕಾಗದ ಹಿಡಿದು ಬಂದಳು. ಅದರ ಮೇಲೆ ಗುಡ್ಡಗಳ ಸಾಲು — ಒಂದೊಂದು ಗುಡ್ಡ ಒಂದೊಂದು ಆಮ್ಲವಂತೆ.

"ಕುಸುಬ್ಯಾಗ ಲಿನೋಲಿಕ್ ಅನ್ನೋದು ಮುಕ್ಕಾಲು ಪಾಲು ಇರಬೇಕಪ್ಪಾ. ಇಲ್ಲಿ ಅರ್ಧಕ್ಕ ಇಳದೈತಿ, ಓಲಿಕ್ ಅನ್ನೋ ಇನ್ನೊಂದು ಏರೈತಿ. ಕಡೀಕ ಈ ಸಣ್ಣ ಗುಡ್ಡ ನೋಡು, ಇದು ಶೇಂಗಾದ ಗುರುತು. ಸಿದ್ದಜ್ಜ ಬೆರಕಿ ಮಾಡ್ಯಾನ."

ಮಲ್ಲು ಅಲ್ಲೇ ಫೋನ್ ಹಚ್ಚಿದ. "ಏನ್ ಮಾಮಾ, ಮನಿ ಮಂದೀಗೂ ಶೇಂಗಾ ಬೆರಸಿ ಕೊಡ್ತೀರೇನು?" ಅರ್ಧ ಚೇಷ್ಟೆಗೆ ಕೇಳಿದ. ಆ ಕಡೆಯ ಸಿಟ್ಟು ನನಗೂ ಕೇಳಿಸಿತು: "ನಾ ಕಳ್ಳ ಅಂದಂಗಾತು! ಇನ್ನ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ!"

ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಒಂದು ಮಾತು — ಒಂದೇ ಒಂದು ಮಾತು ಆಡಿದ್ದರೆ... ಆಡಲಿಲ್ಲ. ಅಂದು ಕಾಳನ್ನು ಕಸಕ್ಕೆ ಹಾಕಿ ಸಿಪ್ಪೆಯನ್ನು ಬುಟ್ಟಿಯಲ್ಲಿ ಇಟ್ಟಿದ್ದೆ. ಸೊಸೆ ಬೈದಳು, ಆ ಬೈಗುಳ ಎಷ್ಟು ಹಿತವಾಗಿತ್ತು! ಅಶ್ವಿನಿ ಬೇರೆ ಕಡೆಯಿಂದ ಕುಸುಬೆ ತಂದು ಪ್ರಾಜೆಕ್ಟು ಮುಗಿಸಿದಳು. ಸಿದ್ರಾಮ ಬರಲಿಲ್ಲ.

ಮೊನ್ನೆ ಸಕ್ಕರೆ ಹಂಚಿ ಮನೆಗೆ ಬಂದರೆ ಅವಳು ತಂದೆಗೆ ಹೇಳುತ್ತಿದ್ದಳು: "ಇಂಟರ್‌ವ್ಯೂದಾಗ ಸಿದ್ದಜ್ಜನ ಎಣ್ಣಿ ಕಥಿನೇ ಹೇಳಿದೆ. ಮನಿಯವರದಾದ್ರೂ ಮುಚ್ಚಿಡಲಿಲ್ಲ ಅಂತ ಭಾಳ ಮೆಚ್ಚಿಕೊಂಡ್ರು!"

ಸಕ್ಕರೆ ಬಟ್ಟಲು ಕೈಯಲ್ಲೇ ಇತ್ತು. ನನ್ನ ಹೊಟ್ಟೆಬಾಕತನ ಅವಳಿಗೆ ನೌಕರಿ, ಅವನಿಗೆ ಕಳ್ಳನ ಹೆಸರು. ಸಿದ್ರಾಮನಿಗೆ ಫೋನ್ ಹಚ್ಚಿದೆ. ಎಲ್ಲರೂ ಕೇಳುತ್ತಿದ್ದಾಗಲೇ ಹೇಳಿದೆ.

"ತಮ್ಮಾ, ನಿನ್ನ ಎಣ್ಣ್ಯಾಗ ಶೇಂಗಾ ಬೆರಸಿದಾಕಿ ನಾನು. ತಿಂದು ಖಾಲಿ ಮಾಡಿ, ಮ್ಯಾಲೆ ತುಂಬಿಸಿಟ್ಟೆ."

"ಎಷ್ಟು?" ಎಂದ ಸಿದ್ರಾಮ.

"ಹತ್ತು ದಿನದಾಗ ಅರ್ಧಾ ಬಾಟ್ಲಿ."

"ಹತ್ತು ದಿನದಾಗ ಅರ್ಧಾ ಬಾಟ್ಲಿ! ಅಕ್ಕಾ, ನೀ ಉಂಡಿಯೋ, ತಲಿಗೆ ಹಚ್ಕೊಂಡಿಯೋ?" ಹಿಂದೆ ಮಲ್ಲು ಕಿಸಕ್ಕೆಂದ. ಸಿದ್ರಾಮನ ದನಿ ಇಳಿಯಿತು. "ನಾ ಎರಡು ಸಲ ಗಾಣಾ ಬಿಚ್ಚಿ ತೊಳದೀನಿ, ಗೊತ್ತೇನು? ನನ್ನ ಮ್ಯಾಲೇ ನನಗ ಸಂಶಯ ಬಂದಿತ್ತು."

ಸಕ್ಕರೆ ಬಟ್ಟಲನ್ನು ಕೆಳಗಿಟ್ಟೆ.

ಅಶ್ವಿನಿ ಫೋನ್ ಕಸಿದುಕೊಂಡಳು. ಕಣ್ಣು ಕೆಂಪಾಗಿತ್ತು. "ಅಜ್ಜಾ, ಮಷಿನ್ ಖರೇ ಹೇಳಿತ್ತು. ಬಾಟ್ಲಿ ಹದಿನೈದು ದಿನ ಎಲ್ಲಿತ್ತು ಅಂತ ನಾ ಕೇಳಲಿಲ್ಲ, ಅದು ನನ್ನ ತಪ್ಪು. ಮೊದಲನೇ ದಿನಾನೇ ಆಫೀಸಿನಾಗ ಹೇಳ್ತೀನಿ. ನೌಕರಿ ಇಟ್ರ ಇಡಲಿ, ಬಿಟ್ರ ಬಿಡಲಿ. ನೀ ಇವತ್ತ ಬಾ." ನನ್ನ ಕಡೆಗೆ ತಿರುಗಿ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಸಿದ್ರಾಮ ಹೆಂಡತಿಯೊಂದಿಗೆ ಬಸ್ಸಿಳಿದು ಬಂದ. ಸೊಸೆ ಹೋಳಿಗೆ ಮಾಡಿದ್ದಳು. ಆರೂ ಜನ ನಡುಮನೆಯಲ್ಲಿ ನೆಲದ ಮೇಲೆ ಕೂತೆವು. ಸಿದ್ರಾಮ ಎಲ್ಲರೊಡನೆ ಮಾತಾಡಿದ, ನನ್ನೊಬ್ಬಳನ್ನು ಬಿಟ್ಟು. ಈ ಮೂರು ವರ್ಷದ ನಡುವೆ ಅವನ ಮಗಳು ನೀಲಿಯ ಮದುವೆ ಆಗಿತ್ತು. ಲಗ್ನಪತ್ರಿಕೆ ಒಡಹುಟ್ಟಿದ ಅಕ್ಕನಿಗೆ ಟಪಾಲಿನಲ್ಲಿ ಬಂದಿತ್ತು, ನಾವು ಹೋಗಿರಲಿಲ್ಲ. ಸೋದರತ್ತೆ ಹಿಡಿಯಬೇಕಾದ ಕಳಸ — ನನಗೆ ತಡೆಯಲಾಗಲಿಲ್ಲ.

"ನೀಲಿ ಮದಿವ್ಯಾಗ ಕಳಸ ಯಾರು ಹಿಡದ್ರು?"

"ಓಣ್ಯಾಗಿನ ಒಬ್ಬಾಕಿ" ಎಂದ ಸಿದ್ರಾಮ, ತಾಟಿನಿಂದ ಮುಖ ಎತ್ತದೆ. "ಸೊಟ್ಟಗ ಹಿಡದಿದ್ಳು. ಫೋಟೋದಾಗೂ ಸೊಟ್ಟಗೇ ಬಂದೈತಿ."

ಎಲ್ಲರೂ ನಕ್ಕರು; ಅಶ್ವಿನಿಯೂ ನಕ್ಕಳು. ಸಿದ್ರಾಮ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದ. ನಾನು ತಾಟು ಎತ್ತಿಕೊಂಡು ಹೋಗಿ ಅಲ್ಲಿ ಕೂತೆ. ಹೋಳಿಗೆ ಮುರಿದು ಎಲ್ಲರೊಂದಿಗೆ ಉಂಡೆ.