ಸುಬೇದಾರರು ಮಗಳಿಗೆ ಕೊಟ್ಟ ಸರ್ಟಿಫಿಕೇಟು

ನೋಯ್ಡಾದ ಹನ್ನೊಂದನೇ ಮಹಡಿಯಲ್ಲಿ ಅಪ್ಪನೊಂದಿಗೆ ಇದ್ದ ಪೊನ್ನಮ್ಮನಿಗೆ ಮೂವತ್ತೆಂಟು ವರ್ಷ. ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸುವುದರಲ್ಲಿ ಎತ್ತಿದ ಕೈ. ಸಾಫ್ಟ್‌ವೇರ್ ಕಂಪನಿಯ ಅವಳ ಸಂಬಳದಲ್ಲೇ ಈ ಮನೆಯೂ ನಡೆಯಬೇಕು, ಪೋರ್ಚುಗಲ್‌ನಲ್ಲಿದ್ದ ತಂಗಿ ಬೋಜಮ್ಮನ ಮನೆಯೂ ನಡೆಯಬೇಕು. ಬೋಜಮ್ಮನ ಗಂಡ ಬಿಟ್ಟುಹೋಗಿ ವರ್ಷವಾಗಿತ್ತು. ಈಗ ಅವಳಿಗೆ ಬೆನ್ನುಮೂಳೆಯ ಆಪರೇಷನ್. ಆರು ತಿಂಗಳು ಮಗುವನ್ನು ಎತ್ತುವ ಹಾಗಿಲ್ಲ. ಮಗುವಿಗೋ ಎರಡೇ ವರ್ಷ.

ಟೂರಿಸ್ಟ್ ವೀಸಾದಲ್ಲಿ ಹೋದರೆ ಅಲ್ಲಿ ಕೂತು ಕೆಲಸ ಮಾಡುವಂತಿಲ್ಲ. ಕೆಲಸ ಮಾಡದಿದ್ದರೆ ಎರಡೂ ಮನೆಯ ಒಲೆ ಉರಿಯುವುದಿಲ್ಲ. ಅದಕ್ಕೇ ಪೊನ್ನಮ್ಮ ಡಿಜಿಟಲ್ ನೊಮ್ಯಾಡ್ ವೀಸಾಕ್ಕೆ ಅರ್ಜಿ ಹಾಕಿದಳು. ಇಲ್ಲಿನ ಕೆಲಸವನ್ನು ಅಲ್ಲಿಂದಲೇ ಮಾಡುತ್ತೇನೆ ಎನ್ನುವವರಿಗೆ ಕೊಡುವ ವೀಸಾ ಅದು. ಕಂಪನಿಯ ಒಪ್ಪಿಗೆ ಪತ್ರಕ್ಕಾಗಿ ಮ್ಯಾನೇಜರನ ಹಿಂದೆ ಎರಡು ತಿಂಗಳು ಅಲೆದಳು. ಮನೆಯವರ ಫೋನ್ ನಂಬರ್ ಕೇಳಿದ ಕಡೆ ಅಪ್ಪನದು ಬರೆದಳು.

ಅಪ್ಪ ಬಿದ್ದಪ್ಪ ಸೇನೆಯ ನಿವೃತ್ತ ಸುಬೇದಾರರು. ಯಾರ ಬಗ್ಗೆಯಾದರೂ ಮೇಲಿನಿಂದ ವಿಚಾರಣೆ ಬಂದರೆ ಅವರ ನಡತೆಯನ್ನು ಎದೆ ತಟ್ಟಿ ಹೊಗಳಬೇಕು ಎಂಬುದನ್ನು ಫೌಜು ಅವರಿಗೆ ಚೆನ್ನಾಗಿ ಕಲಿಸಿತ್ತು. ವೀಸಾದವರ ಫೋನ್ ಬಂದಾಗ ಎದ್ದು ನಿಂತೇ ಮಾತಾಡಿದರು. "ಫಸ್ಟ್ ಕ್ಲಾಸಾಗಿ ಹೇಳಿದ್ದೇನೆ, ಚಿಂತೆ ಬೇಡ," ಎಂದು ಸಂಜೆ ಮಗಳಿಗೆ ತಿಳಿಸಿದರು. ಏನು ಹೇಳಿದಿರಿ ಎಂದು ಈ ಜಾಣೆಯೂ ಕೇಳಲಿಲ್ಲ.

ಆಪರೇಷನ್‌ಗೆ ಹನ್ನೆರಡು ದಿನ ಇರುವಾಗ, ಬೆಳಿಗ್ಗೆ ಕಾಫಿ ಹೊತ್ತಿಗೆ ಉತ್ತರ ಬಂತು. ಅರ್ಜಿ ತಿರಸ್ಕಾರ. ಅರ್ಜಿದಾರರಿಗೆ ಕೆಲಸ ಮುಂದುವರಿಸುವ ಉದ್ದೇಶವಿಲ್ಲವೆಂದು ಕುಟುಂಬದವರೇ ತಿಳಿಸಿದ್ದಾರಂತೆ.

"ಅಪ್ಪಾ, ಅವತ್ತು ಫೋನಲ್ಲಿ ಏನು ಹೇಳಿದ್ರಿ?"

"ಇರೋದನ್ನೇ ಹೇಳಿದೆ ಮಗಳೇ. ತಂಗಿಗೆ ಕಷ್ಟ ಅಂದ್ರೆ ನೌಕ್ರಿಯನ್ನೇ ಒದ್ದು ಹೋಗೋಳು ನನ್ನ ಮಗಳು, ಅಂದೆ. ಸಾಬ್ ಥ್ಯಾಂಕ್ಯೂ ಅಂದ್ರು."

ಪೊನ್ನಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ಆ ಮಾತಿಗೇ ವೀಸಾ ಕೊಡಲಿಲ್ಲ, ಅಪ್ಪಾ."

ಬಿದ್ದಪ್ಪನವರು ಸೋಫಾದ ಮೇಲೆ ಕುಸಿದು ಕೂತರು. ಆಮೇಲೆ ತಲೆಯೆತ್ತಿ, "ಅಚ್ಛಾ, ಹೋದ್ರೆ ಹೋಯ್ತು. ಟೂರಿಸ್ಟ್ ವೀಸಾ ಇದೆಯಲ್ಲ? ಕೆಲಸ ಬಿಟ್ಟು ಹೋಗು," ಎಂದರು.

"ಬಿಟ್ರೆ ಅವಳ ಮನೆ ಬಾಡಿಗೆ ಯಾರು ಕಟ್ತಾರೆ?"

ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ ಎಂದು ಅವಳಿಗೆ ಗೊತ್ತಿತ್ತು. ಹದಿನಾರು ವರ್ಷ ಹಲ್ಲು ಕಚ್ಚಿ ಸಂಪಾದಿಸಿದ ಹುದ್ದೆ. ಅದನ್ನು ಒಡಹುಟ್ಟಿದವಳಿಗಾಗಿಯೂ ಬಿಡಲು ಮನಸ್ಸಿರಲಿಲ್ಲ. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು, ಮನಸ್ಸು ಮಾತ್ರ ಬದಲಾಗಲಿಲ್ಲ.

"ನೀವು ಹೇಳಿದ ಆ ಹುಡುಗಿ ನಾನಲ್ಲ, ಅಪ್ಪಾ."

ಹತ್ತು ಗಂಟೆಯ ಮೀಟಿಂಗ್‌ಗೆ ಲ್ಯಾಪ್‌ಟಾಪ್ ಕರೆಯತೊಡಗಿತು. ಅಪ್ಪ ನೋಡುತ್ತಿದ್ದಂತೆಯೇ ಪೊನ್ನಮ್ಮ ಕಣ್ಣೊರೆಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು, "ಗುಡ್ ಮಾರ್ನಿಂಗ್ ಎವ್ರಿವನ್," ಎಂದಳು.