ಬಸಪ್ಪಣ್ಣನ ಕೈಗುಣ

ಹೊಂಗೆಮರವನ್ನು ಕೊಂದವಳು ನಾನು. ಬಸಪ್ಪಣ್ಣ ಅಲ್ಲ. ಒಂಬತ್ತು ವರ್ಷ ಈ ಎರಡು ಮಾತು ಬಾಯಿಗೆ ಬರಲಿಲ್ಲ. ಈಗ ಬರೆದು ನೋಡಿದರೆ ಎಷ್ಟು ಚಿಕ್ಕವು — ಇಷ್ಟು ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಂಧೇರಿಯಲ್ಲಿ ನಮ್ಮ ನರ್ಸರಿಗೆ ಬರುತ್ತಿದ್ದ ಕನ್ನಡದವರು ಕೆಲವರಾದರೂ ಇದನ್ನು ಓದುತ್ತೀರಿ. ನಿಮಗೆ ಬಸಪ್ಪಣ್ಣ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವರು ಬಾಗಲಕೋಟೆ ಕಡೆಯವರು. ಬಿಲ್ಡಿಂಗ್ ಕೆಲಸಕ್ಕೆಂದು ಮುಂಬಯಿಗೆ ಬಂದು, ಒಂದು ವಾರ ಮಣ್ಣು ಹೊರಲು ನಮ್ಮಲ್ಲಿ ನಿಂತವರು ಇಪ್ಪತ್ತಾರು ವರ್ಷ ನಿಂತರು. ಕುಂದಾಪುರದಿಂದ ಬಂದು ನರ್ಸರಿ ಹಾಕಿದ ನನ್ನ ಅಪ್ಪನಿಗಿಂತ ಚೆನ್ನಾಗಿ ಕಸಿ ಕಟ್ಟುತ್ತಿದ್ದರು. ಗಿಡ ಕೊಳ್ಳಲು ಬಂದವರು ಅವರನ್ನೇ ಹುಡುಕುತ್ತಿದ್ದರು. ಪಾರ್ಲೆಯ ಗುಜರಾತಿ ಹೆಂಗಸರು ರಿಕ್ಷಾ ಇಳಿಯುತ್ತಲೇ, "ಕಾಕಾ ಕೇ ಹಾಥ್ ಸೇ ಲಗವಾ ದೋ" — ಕಾಕಾನ ಕೈಯಿಂದಲೇ ನೆಡಿಸಿಕೊಡಿ — ಎನ್ನುವರು. ಬಸಪ್ಪಣ್ಣ ಒಂದು ಚಿಟಿಕೆ ಮಣ್ಣು ಹಣೆಗೆ ಮುಟ್ಟಿಸಿಕೊಂಡು, ಗಿಡವನ್ನು ಕುಂಡದಲ್ಲಿ ಕೂರಿಸಿ, "ಹತ್ತತೈತಿ, ತಗೊಂಡ ಹೋಗ್ರಿ" ಎನ್ನುವರು. ಹಿಂದಿಯವರಿಗೂ ಇದನ್ನೇ ಹೇಳುತ್ತಿದ್ದರು. ಅವರಿಗೂ ಅರ್ಥವಾಗುತ್ತಿತ್ತು.

ಕೈಗುಣ ಎಂದು ಎಲ್ಲರೂ ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಸಸ್ಯಶಾಸ್ತ್ರ ಓದಿ ಬಂದವಳಲ್ಲವೇ — ಕೈಗುಣವೂ ಇಲ್ಲ ಕಾಲ್ಗುಣವೂ ಇಲ್ಲ, ನೀರು ಬಸಿದು ಹೋದರೆ ಗಿಡ ಬದುಕುತ್ತದೆ, ಅಷ್ಟೆ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು. ನೀವೇ ನೆಟ್ಟುಕೊಡಿ ಎಂದು ನನ್ನನ್ನು ಒಬ್ಬರೂ ಕೇಳುತ್ತಿರಲಿಲ್ಲ.

ನರ್ಸರಿಯ ಹಿಂಬದಿಯಲ್ಲಿ ಹಳೆಯ ತಬೇಲಾ ಇತ್ತು. ಒಂದು ಕಾಲಕ್ಕೆ ಮೂವತ್ತು ಎಮ್ಮೆ ಕಟ್ಟುತ್ತಿದ್ದ ಜಾಗ. ಎಮ್ಮೆಗಳು ಹೋದ ಮೇಲೆ ಅದು ನಮ್ಮ ಪಾಲಿಗೆ ಬಂತು. ಅಪ್ಪ ಊರಿನ ರೂಢಿಯಂತೆ ಅದನ್ನು ಹಟ್ಟಿ ಎನ್ನುತ್ತಿದ್ದರು. ಕಲ್ಲು ಹಾಸಿದ ನೆಲ, ಗೋಡೆಯುದ್ದಕ್ಕೂ ಮೇವು ಹಾಕುವ ಗೋದಲಿ, ಮೇಲೆ ಸಿಮೆಂಟ್ ಶೀಟು. ಶೀಟಿನಲ್ಲಿ ದುಂಡಗೆ ಕತ್ತರಿಸಿದ್ದ ತೂತಿನಿಂದ ಹೊರಗೆ ಹೋಗಿತ್ತು ಹೊಂಗೆಮರ. ಮಳೆಗಾಲದಲ್ಲಿ ನೀರು ಕಾಂಡದ ಮೇಲಿಂದ ಇಳಿದು ಹಟ್ಟಿಯೆಲ್ಲ ಕೆಸರು. ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದೆವು, ಮಧ್ಯಾಹ್ನ ಬಸಪ್ಪಣ್ಣ ಆ ಮರದ ಬುಡದಲ್ಲಿ ರೊಟ್ಟಿ ಬಿಚ್ಚುತ್ತಿದ್ದರು.

ನನಗೆ ಅಲ್ಲಿ ಅಂಗಡಿ ಬೇಕಾಗಿತ್ತು. ಗಾಜಿನ ಬಾಗಿಲು, ತಂಪು, ಬಣ್ಣದ ಕುಂಡಗಳು, ಮನೆಯೊಳಗೆ ಇಡುವ ಗಿಡಗಳು, ಒಣಗಿದ ನೆಲ. ಕೆಸರಿಲ್ಲದ ಒಂದು ಜಾಗ ನನಗೆ ಬೇಕಿತ್ತು. ಹುಟ್ಟಿದಂದಿನಿಂದ ಉಗುರಿನ ಸಂದಿಯಲ್ಲಿ ಮಣ್ಣು, ಲೋಕಲ್ ರೈಲಿನಲ್ಲಿ ಪಕ್ಕ ಕೂತವರು ಮೂಗು ಮುರಿಯುವಂಥ ಗೊಬ್ಬರದ ವಾಸನೆ — ಮೂವತ್ತನಾಲ್ಕು ವರ್ಷವಾಗಿತ್ತು, ಇನ್ನು ಇದೇ ಜನ್ಮ ಎನ್ನಿಸಿ ಉಸಿರು ಕಟ್ಟುತ್ತಿತ್ತು. ಹಟ್ಟಿಯನ್ನು ಅಂಗಡಿ ಮಾಡಿದರೆ ನಾನೂ ಬೇರೆಯವಳಾಗುತ್ತೇನೆ ಎಂದು ನಂಬಿದ್ದೆ.

ನಕ್ಷೆ ಬರೆಯುವ ಎಂಜಿನಿಯರು ಮರದ ಸುತ್ತ ಗಾಜಿನ ಗೋಡೆ ಕಟ್ಟಿ ಮರವನ್ನು ಉಳಿಸುವ ಒಂದು ನಕ್ಷೆಯನ್ನೂ ತೋರಿಸಿದ್ದರು. ಆದ್ದರಿಂದ ಬೇರೆ ದಾರಿ ಇರಲಿಲ್ಲ ಎಂದು ಹೇಳಲೂ ನನಗೆ ಬಾಯಿಲ್ಲ. ಜಾಗ ಚಿಕ್ಕದಾಗುತ್ತದೆ, ಅದು ಬೇಡ ಎಂದೆ. ಅಪ್ಪ ನಕ್ಷೆ ನೋಡಲೂ ಇಲ್ಲ. "ಗಿಡ ಮಾರಿ ಉಂಬೋರ್ ನಾವ್. ನಾನಿಪ್ಪಲ್ಲಿವರೆಗೆ ಆ ಮರ ಕಡುಕಾಗ" ಎಂದು ಎದ್ದುಹೋದರು. ಅವರ ಸಹಿ ಇಲ್ಲದೆ ಮರ ಕಡಿಯಲು ಮುನಿಸಿಪಾಲಿಟಿಗೆ ಅರ್ಜಿ ಹಾಕುವಂತಿಲ್ಲ. ಸತ್ತ ಮರವಾದರೆ ಅಪ್ಪನೂ ತಡೆಯುವುದಿಲ್ಲ — ಇದು ನನ್ನ ತಲೆಗೆ ಯಾವಾಗ ಹೊಳೆಯಿತೋ ಗೊತ್ತಿಲ್ಲ. ಹೊಳೆದ ಮೇಲೆ ಹೋಗಲಿಲ್ಲ.

ಮಳೆ ಹಿಡಿಯಲು ಹತ್ತು ದಿನ ಇತ್ತು. ಬಸಪ್ಪಣ್ಣ ತರಕಾರಿ ಬೀಜ, ತೆಂಗಿನ ಹಗ್ಗ ತರಲು ಬೈಕುಲ್ಲಾಕ್ಕೆ ಹೋಗಿದ್ದರು. ಅಪ್ಪ ಊಟ ಮಾಡಿ ಮಲಗಿದ್ದರು. ಬಡಗಿ ಬಿಟ್ಟುಹೋಗಿದ್ದ ಡ್ರಿಲ್ಲಿನಿಂದ ಮರದ ಬುಡದಲ್ಲಿ ನಾಲ್ಕು ತೂತು ಕೊರೆದೆ. ಕಳೆ ಸಾಯಿಸುವ ಔಷಧಿಯನ್ನು ಒಳಗೆ ಬಿಟ್ಟು, ಮೇಣ ಮೆತ್ತಿದೆ. ಅರ್ಧ ಗಂಟೆಯ ಕೆಲಸ. ಕೈ ತೊಳೆದು ಬಂದು ಚಹಾ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಬಸಪ್ಪಣ್ಣ ಸುಣ್ಣ, ಮೈಲುತುತ್ತ ಕಲಸಿದರು. ಪ್ರತಿ ವರ್ಷ ಮಳೆಗೆ ಮುಂಚೆ ಅದನ್ನು ಮರದ ಬುಡಕ್ಕೆ ಬಳಿಯುವುದು ಅವರ ಪದ್ಧತಿ, ಹುಳ ಹತ್ತಬಾರದೆಂದು. ನಾನು ಇದನ್ನು ಮರೆತಿರಲಿಲ್ಲ, ಇನ್ನೊಂದು ವಾರ ತಡವಾದೀತು ಎಂದುಕೊಂಡಿದ್ದೆ. ಬಳಿಯುತ್ತಾ ಅವರಿಗೆ ತೂತು ಕಂಡಿತು.

"ಸುಜಾತವ್ವಾ, ಇಲ್ಲಿ ಬಾ ನೋಡು. ಹುಳ ಹೊಡದೈತಿ."

ಅವರು ಕಡ್ಡಿಯಿಂದ ಮೇಣ ಕೆದಕಿ ತೆಗೆದರು. ಹುಳುವಿನ ಅಂಟು ಎಂದುಕೊಂಡರೋ ಏನೋ. ಮೈಲುತುತ್ತವನ್ನು ಇನ್ನಷ್ಟು ಗಟ್ಟಿ ಕಲಸಿ, ನಾಲ್ಕೂ ತೂತಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ನಾನು ಪಕ್ಕದಲ್ಲೇ ನಿಂತಿದ್ದೆ. "ಇನ್ ಚಿಂತಿಲ್ಲ" ಎಂದು ಅವರು ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ.

ಮೂರು ವಾರಕ್ಕೆ ಎಲೆ ಹಳದಿಯಾಯಿತು. ಸುರಿಯುವ ಮಳೆಯಲ್ಲಿ, ಊರೆಲ್ಲ ಹಸಿರಾಗಿರುವಾಗ, ನಮ್ಮ ಹೊಂಗೆ ಎಲೆ ಉದುರಿಸುತ್ತಿತ್ತು. ಬಸಪ್ಪಣ್ಣ ಸಗಣಿ, ಬೆಲ್ಲ ಕಲಸಿ ಬುಡಕ್ಕೆ ಹಾಕಿದರು, ಮಣ್ಣು ಕೆದಕಿ ಬೇರಿಗೆ ಗಾಳಿ ಕೊಟ್ಟರು, ರಜೆಯ ದಿನವೂ ಬಂದರು. ನವರಾತ್ರಿಯ ಹೊತ್ತಿಗೆ ಬರೀ ಕೊಂಬೆ. ಒಂದು ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚದೆ ಕೂತಿದ್ದರು. ನಾನು ಹಾದುಹೋಗುವಾಗ ಕರೆದರು.

"ಯವ್ವಾ, ನೀ ಓದಿದಾಕಿ. ಖರೇ ಹೇಳು. ಮೈಲುತುತ್ತ ಹೆಚ್ಚಾತೇನು?"

"ಆಗಿರಬಹುದು, ಬಸಪ್ಪಣ್ಣ."

ಮರ ಕೊಂದದ್ದಕ್ಕಿಂತ ದೊಡ್ಡ ಪಾಪ ಈ ಮಾತು. ನನ್ನ ಗುಟ್ಟನ್ನು ಇಟ್ಟುಕೊಂಡೇ 'ಇಲ್ಲ' ಎನ್ನಬಹುದಿತ್ತು. ಬೇರು ಕೊಳೆತಿರಬೇಕು, ಮರಕ್ಕೆ ವಯಸ್ಸಾಗಿತ್ತು, ಹಿಂದಿನ ಬಿಲ್ಡಿಂಗಿನ ಗಟಾರದ ನೀರು ತಾಗಿರಬೇಕು — ಮರ ಸಾಯಲಿಕ್ಕೆ ನೂರು ಕಾರಣ ನನಗೆ ಬರುತ್ತಿತ್ತು, ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆದರೆ 'ಇಲ್ಲ' ಎಂದರೆ ಅವರು ಮತ್ತೆ ಹುಡುಕುತ್ತಾರೆ, ಆ ತೂತುಗಳನ್ನು ಮತ್ತೆ ನೋಡುತ್ತಾರೆ ಎಂಬ ಹೆದರಿಕೆ. ಅವರು ತಪ್ಪು ತಮ್ಮದೇ ಎಂದುಕೊಂಡರೆ ನಾನು ಪಾರು. ಅಷ್ಟು ಲೆಕ್ಕ ಒಂದು ಕ್ಷಣದಲ್ಲಿ ಹಾಕಿದೆ.

ಅವರು ನೇರ ಅಪ್ಪನ ಹತ್ತಿರ ಹೋದರು. ನರ್ಸರಿಯಲ್ಲಿ ಆಗ ನಾಲ್ಕೈದು ಗಿರಾಕಿಗಳಿದ್ದರು, ಕೆಲಸದವರಿದ್ದರು. "ಸಾವ್ಕಾರ್ರ, ಮರ ನನ್ನ ಕೈಲೇ ಸತ್ತೈತ್ರಿ" ಎಂದರು. ಅಪ್ಪ ಬೈಯುವ ಮನುಷ್ಯ ಅಲ್ಲ. "ನಿನ್ ಕೈ ನಂಬ್ಕಂಡಿದ್ದೆ, ಬಸಪ್ಪ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಅದಾದ ಮೇಲೆ ಯಾರದೋ ಮನೆಯಲ್ಲಿ ಅವರು ನೆಟ್ಟ ಎರಡು ಗುಲಾಬಿ ಒಣಗಿದವು. ಬಾಲ್ಕನಿಯ ಬಿಸಿಲಿಗೆ ಯಾರು ನೆಟ್ಟರೂ ಒಣಗುತ್ತವೆ. ಅವರು ಅದನ್ನೂ ತಮ್ಮ ತಲೆಗೇ ಕಟ್ಟಿಕೊಂಡರು. "ಕೈ ಹೋತವ್ವಾ" ಎಂದು ಕುಂಡ ಮುಟ್ಟುವುದನ್ನು ಬಿಟ್ಟರು. ಕಸ ಗುಡಿಸಿದರು, ಟೆಂಪೋದಿಂದ ಚೀಲ ಇಳಿಸಿದರು. ಯಾರಾದರೂ "ಕಾಕಾ, ನೀವೇ ನೆಟ್ಟುಕೊಡಿ" ಎಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವರು. ಸತ್ತ ಮರ ಕಡಿಯಲು ಅಪ್ಪ ಸಹಿ ಹಾಕಿದರು. ಅಂಗಡಿ ಉದ್ಘಾಟನೆಯಾದ ಮುಂದಿನ ತಿಂಗಳು ಬಸಪ್ಪಣ್ಣ ಕೆಲಸ ಬಿಟ್ಟು, ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆದರು. ಅಪ್ಪ ತಡೆದರು. ನಾನು ತಡೆಯಲಿಲ್ಲ. ಅವರು ಹೋದ ದಿನ ನನಗೆ ಸಮಾಧಾನವಾಯಿತು — ಇದನ್ನೂ ಬರೆಯಲೇಬೇಕು.

ಅಂಗಡಿ ಎಲ್ಲರಿಗೂ ಇಷ್ಟವಾಯಿತು. ಹಳೆಯ ತಬೇಲಾವನ್ನು ಎಷ್ಟು ಚಂದ ಉಳಿಸಿಕೊಂಡಿದ್ದೀರಿ ಎನ್ನುತ್ತಾರೆ. ಗೋದಲಿಗಳಲ್ಲಿ ಜರೀಗಿಡ ಇಟ್ಟಿದ್ದೇವೆ, ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಎಂಜಿನಿಯರು ಸತ್ತ ಹೊಂಗೆಯ ಕಾಂಡವನ್ನು ಕೊಯ್ಯಿಸಿ ಅದರ ಹಲಗೆಯಿಂದಲೇ ಕೌಂಟರ್ ಮಾಡಿಸಿದರು. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಆ ಹಲಗೆಯಲ್ಲಿ ನಾಲ್ಕು ಕಪ್ಪು ಗೆರೆಗಳಿವೆ. ನಾನು ಅದರ ಮೇಲೆ ಮೊಣಕೈ ಊರಿ ಬೆಳಿಗ್ಗೆ ಹತ್ತರಿಂದ ಸಂಜೆ ಎಂಟರವರೆಗೆ ಕೂರುತ್ತೇನೆ. ಎಲ್ಲಿಗೂ ಹೋಗಲಾರೆ. ಮಾರಿಬಿಡೋಣವೆಂದರೆ ಯಾಕೆ ಎಂದು ಕೇಳುತ್ತಾರೆ. ಕೌಂಟರ್ ಬದಲಿಸೋಣವೆಂದರೆ ಇಷ್ಟು ಚಂದದ್ದನ್ನು ಯಾಕೆ ಎಂದು ಕೇಳುತ್ತಾರೆ. ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ನಾನಿದ್ದೇನೆ, ಹಗ್ಗ ಕಾಣುವುದಿಲ್ಲ ಅಷ್ಟೆ.

ಹೇಳುವ ಅವಕಾಶ ಸಿಗಲಿಲ್ಲವೇ ಎಂದರೆ, ಸಿಕ್ಕಿತ್ತು. ಐದು ವರ್ಷದ ಹಿಂದೆ ಅವರ ಮಗಳು ರೇಣುಕಾಳ ಮದುವೆ. ಅವರ ಚಾಳಿನ ಅಂಗಳದಲ್ಲಿ ಹಂದರ ಹಾಕಿದ್ದರು. ಅವರ ಕಡೆ ಹಂದರಕ್ಕೆ ಹಾಲುಗಂಬ ನೆಡುತ್ತಾರೆ, ಹಸಿ ಟೊಂಗೆ. ಅದನ್ನು ನೆಡುವಾಗ ಮನೆಯ ಹಿರಿಯ ಮೊದಲು ಕೈಹಚ್ಚಬೇಕು. ಎಲ್ಲರೂ ಕಾಯುತ್ತಿದ್ದರು. ಬಸಪ್ಪಣ್ಣ ಹಿಂದೆ ಸರಿದು ನಿಂತರು. ಅವರ ಹೆಂಡತಿ ಶಾಂತವ್ವ ರಟ್ಟೆ ಹಿಡಿದು ಎಳೆದರು. ಅರಿಶಿನ ಹಚ್ಚಿಕೊಂಡಿದ್ದ ರೇಣುಕಾ, "ಅಪ್ಪಾ, ನೀನಽ ಕೈ ಹಚ್ಚು" ಎಂದಳು.

"ಬ್ಯಾಡವ್ವಾ, ನನ್ನ ಕೈಲೇ ಬ್ಯಾಡ. ನಿನ್ನ ಸಂಸಾರ ಹಸರಾಗಿರ್ಲಿ."

ಬಸಪ್ಪಣ್ಣನ ತಮ್ಮ ನೆಟ್ಟ. ಹುಡುಗಿ ಅತ್ತಳು, ಸುತ್ತ ಇದ್ದವರೂ ಕಣ್ಣೊರೆಸಿಕೊಂಡರು. ನಾನು ಕೈಯಲ್ಲಿ ಸೀರೆಯ ಪೊಟ್ಟಣ ಹಿಡಿದುಕೊಂಡು ಮೂರು ಹೆಜ್ಜೆ ದೂರದಲ್ಲಿದ್ದೆ. ಮೂರೇ ಹೆಜ್ಜೆ. ಬಾಯಿ ತೆರೆದಿದ್ದರೆ ಆ ಅಪ್ಪ ತನ್ನ ಮಗಳ ಹಾಲುಗಂಬ ಮುಟ್ಟುತ್ತಿದ್ದ. ಊಟ ಮಾಡಿ, ಹೋಳಿಗೆ ಚೆನ್ನಾಗಿತ್ತು ಎಂದು ಹೇಳಿ ಬಂದೆ.

ಎರಡು ವರ್ಷದ ಹಿಂದೆ ನನ್ನ ಅಪ್ಪ ತೀರಿಕೊಂಡರು. ಅಪ್ಪನಿಗೆ ಗೊತ್ತಾಗುತ್ತದೆಂಬ ಭಯವೇ ನನ್ನ ಬಾಯಿ ಕಟ್ಟಿದೆ ಎಂದುಕೊಂಡಿದ್ದೆ. ಅದೂ ಸುಳ್ಳು. ಅವರು ಹೋದ ಮೇಲೂ ಎರಡು ವರ್ಷ ತೆಗೆದುಕೊಂಡೆನಲ್ಲ.

ಹೋದ ಭಾನುವಾರ ಬಸಪ್ಪಣ್ಣ ವಾಚ್‌ಮನ್ ಆಗಿರುವ ಬಿಲ್ಡಿಂಗಿನ ಗೇಟಿಗೆ ಹೋದೆ. ನನ್ನನ್ನು ಕಂಡು ಎದ್ದು ನಿಂತರು, ತಮ್ಮ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟರು. "ಅಂಗಡಿ ಚಲೋ ನಡದೈತೇನವ್ವಾ?" ಎಂದು ಕೇಳಿದರು. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಡ್ರಿಲ್ಲು, ಔಷಧಿ, ಮೇಣ, ಆ ನನ್ನ ಮಾತು. ಸುತ್ತಿ ಬಳಸದೆ ಹೇಳಿದೆ, ಅಷ್ಟಾದರೂ ಮಾಡಿದೆ. ಮುಗಿದ ಮೇಲೆ ಅವರು ಒಂದೇ ಮಾತು ಕೇಳಿದರು.

"ಸಾವ್ಕಾರ್ರಿಗೆ ಗೊತ್ತಿತ್ತೇನು?"

"ಇಲ್ಲ, ಬಸಪ್ಪಣ್ಣ."

"ಅಂದ್ರ ಅವರು ನನ್ನ ಕೈಲೇ ಸತ್ತೈತಿ ಅಂತ ತಿಳಕೊಂಡಽ ಹೋದ್ರು."

ಒಂದು ಕಾರು ಬಂದು ಹಾರ್ನ್ ಮಾಡಿತು, ಬಸಪ್ಪಣ್ಣ ಹೋಗಿ ಗೇಟು ತೆರೆದು, ಸಲಾಮು ಹೊಡೆದು ಬಂದರು. ಬಂದ ಮೇಲೆ ನನ್ನ ಕಡೆ ನೋಡಲಿಲ್ಲ. "ನನ್ನ ಮುಂದ ಹೇಳಿದ್ರ ಏನ್ ಬಂತು? ನಾ ನಾಕ್ ಮಂದಿ ಮುಂದ ಅಂದಿದ್ದೆ. ನೀ ಇನ್ನ ಹೋಗು, ನನಗ ಡ್ಯೂಟಿ ಐತಿ" ಎಂದರು. ಯವ್ವಾ ಎನ್ನಲಿಲ್ಲ, ಸುಜಾತವ್ವ ಎನ್ನಲಿಲ್ಲ.

ಆ ನಾಲ್ಕು ಮಂದಿಗಾಗಿ ಇದನ್ನು ಬರೆದಿದ್ದೇನೆ. ಹಿಂದಿಯಲ್ಲೂ ಬರೆದು ಅಂಗಡಿಯಲ್ಲಿ ಬಂದವರೆಲ್ಲ ಓದುವ ಹಾಗೆ ಹಚ್ಚುತ್ತೇನೆ. ಶಾಂತವ್ವನಿಗೆ, ರೇಣುಕಾಳಿಗೆ ನಾನೇ ಹೋಗಿ ಹೇಳಬೇಕು, ಇನ್ನೂ ಹೋಗಿಲ್ಲ. ಬಸಪ್ಪಣ್ಣನ ಹತ್ತಿರ ಕ್ಷಮಿಸಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಕ್ಷಮಿಸಿಬಿಡುತ್ತಿದ್ದರು, ಅವರು ಅಂಥವರು — ಆಗ ನನಗೆ ಹಗುರಾಗುತ್ತಿತ್ತು, ಅವರಿಗೆ ಏನೂ ಸಿಗುತ್ತಿರಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಅವರ ಕೈಯಿಂದ ನೆಡಿಸಿಕೊಂಡು ಹೋದ ಗಿಡ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ — ದಾಸವಾಳವೋ, ಕರಿಬೇವೋ, ಯಾವುದಾದರೂ ಸರಿ — ಅಂಗಡಿಗೆ ಬನ್ನಿ, ಆ ಬಿಲ್ಡಿಂಗಿನ ದಾರಿ ಹೇಳುತ್ತೇನೆ. ಹೋಗಿ, ಗಿಡ ಬದುಕಿದೆ ಎಂದು ಅವರಿಗೆ ಹೇಳಿ. ನೀವೇ ಹೇಳಬೇಕು. ನಾನು ಹೇಳಿದರೆ ಅವರು ಇನ್ನು ಯಾಕೆ ನಂಬಬೇಕು?