ಗುಳಿಗೆ ನಾಟಲೆಂದು ಬೀಡಿ ಹಚ್ಚಿದ ಮಹಾರಾಜ

ಗೆಳೆಯರೇ, ಪರದೆ ಸರಿಯಲಿ! ಇವತ್ತು ಬೆಳಿಗ್ಗೆ ಖಾನಾಪುರದ ನಮ್ಮ ಸೋದರಮಾವ ಏದುಸಿರು ಬಿಡುತ್ತ ಶಹಾಪುರದ ನಮ್ಮ ಮನೆಗೆ ಬಂದರು. ಅಸ್ತಮಾ ಇದೆ. ದೀಪಾವಳಿಗೇ ಬೀಡಿ ಬಿಟ್ಟಿದ್ದರು. ಮುಂದಿನ ವಾರ ನಮ್ಮ ನಾಟಕ, ಅವರೇ ಮಹಾರಾಜ. ಉಸಿರಿಲ್ಲದೆ ರಾಜ ಗರ್ಜಿಸುವುದು ಹೇಗೆ? ಹತ್ತಿರ ಹೋದರೆ ಗಮ್ಮೆಂದು ಬೀಡಿ ವಾಸನೆ!

“ಮಾಮಾ, ಮತ್ತ ಹಚ್ಚೀರಿ?” ಎಂದು ಗುಡುಗಿದೆ.

“ಪೇಪರ್ ಓದಿಲ್ಲೇನಲೇ? ಕೊಲೆಸ್ಟ್ರಾಲ್ ಇಳಿಸೂ ಗುಳಿಗಿ ಬೀಡಿ ಸೇದವರ ಅಸ್ತಮಾಕ್ಕ ಉಪಯೋಗ ಆಗಬಹುದಂತ. ನಿನ್ನಿ ನಿಮ್ಮ ಮಾಮೀದು ಒಂದು ನುಂಗೀನಿ. ಬೀಡಿ ಬಿಟ್ಟು ಕುಂತ್ರ ಅದು ನನಗ ಲಾಗೂ ಆಗೂದು ಹ್ಯಾಂಗ?”

ನೇರ ಡಾಕ್ಟರ ಬಳಿ ಎಳೆದೊಯ್ದೆ. ಎದೆ ಪರೀಕ್ಷಿಸಿ ಅವರೆಂದರು: “ಕಾಕಾರ, ಅದರ ಮ್ಯಾಲ ಇನ್ನೂ ಸಂಶೋಧನೆ ನಡದೈತ್ರಿ. ಬ್ಯಾರೇದವರ ಗುಳಿಗಿ ನುಂಗಬ್ಯಾಡ್ರಿ. ಬೀಡಿ ಬಿಡ್ರಿ, ಇನ್ಹೇಲರ್ ತಪ್ಪಸಬ್ಯಾಡ್ರಿ.”

ಮಾಮಾ ಬೀಡಿ ಕಟ್ಟನ್ನು ಕಿರೀಟ ಇಳಿಸಿದಂತೆ ಮೇಜಿನ ಮೇಲಿಟ್ಟರು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಕುಂದಾ ಮಿಠಾಯಿ ಅಂಗಡಿ ಕಂಡದ್ದೇ ತಡ, ನಿಂತುಬಿಟ್ಟರು.

“ಸಕ್ಕರಿ ರೋಗಕ್ಕ ಹೊಸಾ ಔಷಧ ಬಂದ್ರ ಮದಲ ನನಗ ಹೇಳು. ರೋಗದ ತಯಾರಿ ಇವತ್ತ ಚಾಲೂ ಮಾಡತೇನಿ.”

ಯಾವುದಕ್ಕೂ ಇರಲಿ ಎಂದು ನಾಟಕದ ಮಹಾರಾಜನ ಮಾತುಗಳನ್ನು ನಾನೂ ಬಾಯಿಪಾಠ ಮಾಡುತ್ತಿದ್ದೇನೆ, ಗೆಳೆಯರೇ.